ಹಿಂಬದಿ

ಕುತಾಯಿಸಿಯ ಹಸಿರು ಬಜಾರಿನ ಹಿಂದೆ, ಮೂರನೇ ಮಹಡಿ.
ನಾಜಿಬ್ರೋಲ ಅತ್ತೆಯ ಕತ್ತರಿಮೇಜಿನ ಮೇಲೆ
ಹೊಸ ಲ್ಯಾಪ್‌ಟಾಪು, ಒಳಗೇನೂ ಇಲ್ಲದೆ ಬಂದದ್ದು.
ಖಾಲಿ ಕೊಂಡರೆ ಇನ್ನೂರು ಕಮ್ಮಿ ಅಂದನಂತೆ ಅಂಗಡಿಯವ.
ಗುಂಡಿ ಒತ್ತಿದರೆ ಕಪ್ಪು ಪರದೆ,
ಮೂಲೆಯಲ್ಲೊಂದು ಬಿಳಿ ಗೀಟು
ಕಣ್ಣು ಮಿಟುಕಿಸುತ್ತ ನಿಂತಿದೆ
ಏನಮ್ಮಾ, ಏನಾಗಲಿ ನಾನು, ಅಂತ.

ಅತ್ತೆ ಕುಣಿತದ ಮೇಳಕ್ಕೆ ಅಂಗಿ ಹೊಲಿಯುವವಳು.
ಗಂಡಸರ ಕರಿ ನಿಲುವಂಗಿ, ಎದೆಯ ಮೇಲೆ ತೋಟಾಗಳ ಜೇಬುಸಾಲು,
ಹೆಂಗಸರ ತೋಳಿಗೆ ಜರಿಬಳ್ಳಿ.
ಕಸೂತಿ ಯಂತ್ರವೊಂದಿದೆ,
ಜರ್ಮನಿಯಲ್ಲಿ ಯಾರೋ ಬಳಸಿ ಬಿಟ್ಟದ್ದು,
ಹನ್ನೆರಡು ಸೂಜಿ, ಒಂದೇ ಹಟ.

ಮೊದಲು ಬಂದವನು ಕೆಳಮನೆಯ ಝೌರ್,
ಕಿಸೆಯಲ್ಲಿ ಪೆನ್‌ಡ್ರೈವು, ಬಾಯಲ್ಲಿ ಸೂರ್ಯಕಾಂತಿ ಬೀಜ.
"ವಿಂಡೋಸ್ ಹಾಕಿಕೊಡ್ತೀನಿ. ಕೀಲಿ ನನ್ನ ಹತ್ರ ಇದೆ."
"ಯಾರ ಮನೆ ಕೀಲಿ?" ಅಂದಳು ಅತ್ತೆ.
ಅವನು ಸಿಪ್ಪೆ ಉಗಿದ.

ಆಮೇಲೆ ಮೇಳದ ಒಡತಿ ಇನೆಜಾ,
ಬೆಳ್ಳಿಬಣ್ಣದ ತೆಳು ಮ್ಯಾಕನ್ನು
ಮೊಲದ ಮರಿಯ ಹಾಗೆ ತೊಡೆಯ ಮೇಲಿಟ್ಟುಕೊಂಡು:
"ಅದನ್ನ ವಾಪಸು ಕೊಡು, ಇಂಥದ್ದು ತಗೋ. ಎಲ್ಲ ತಾನೇ ಆಗುತ್ತೆ."
ಅತ್ತೆ ಬೆಲೆ ಕೇಳಿದಳು.
ಕೇಳಿ, ಒಂದು ದಾರವನ್ನು ಹಲ್ಲಿನಲ್ಲಿ ಕಡಿದಳು.

ಕೊನೆಗೆ ನಾನು, ಸೋದರಳಿಯ.
ಲಿನಕ್ಸ್ ಅಂದೆ. ಮುಕ್ತ ಅಂದೆ. ಯಾರ ಹಂಗೂ ಇಲ್ಲ ಅಂದೆ.
"ಬಿಟ್ಟಿಯಾ?"
ಬಿಟ್ಟಿಯಲ್ಲ ಅತ್ತೆ, ಮುಕ್ತ. ಬಿಟ್ಟಿಯೂ ಹೌದು, ಆದರೆ ಅದಕ್ಕಲ್ಲ...
"ಬಿಟ್ಟಿಗೆ ಬಂದ ಬಟ್ಟೆ ಮೊದಲ ಒಗೆತಕ್ಕೇ ಬಣ್ಣ ಬಿಡುತ್ತೆ."

ಹಾಗಂದು ತೋಳಿನ ತುಂಡೊಂದನ್ನು ಮಗುಚಿ ಹಾಕಿದಳು.
"ಮುಂದುಗಡೆ ಯಾರು ಬೇಕಾದ್ರೂ ಚೆಂದ ಮಾಡ್ತಾರೆ.
ಗಂಟು, ಜಿಗಿದ ಎಳೆ, ಅವಸರ, ಸುಳ್ಳು,
ಎಲ್ಲ ಇರೋದು ಹಿಂದೆ.
ನಿನ್ನದರ ಹಿಂಬದಿ ತೋರಿಸು."

ಟರ್ಮಿನಲ್ ತೆರೆದೆ.
ಸಾಲುಗಳು ಸುರಿದವು, ಕಣ್ಣಿಗೆ ಸಿಗದ ವೇಗದಲ್ಲಿ.
ಅತ್ತೆ ಕನ್ನಡಕ ಏರಿಸಿ ಕೊನೆಯ ತನಕ ನೋಡಿದಳು
ಒಂದಕ್ಷರವೂ ತಿಳಿಯದೆ.
"ಗಂಟು ಬಹಳ ಇದೆ," ಅಂದಳು, "ಆದರೆ ಮುಚ್ಚಿಟ್ಟಿಲ್ಲ."
ಆ ರಾತ್ರಿ ಗೆದ್ದೆ ಅಂದುಕೊಂಡು ಮಲಗಿದೆ.

ಬೆಳಿಗ್ಗೆ ಕಸೂತಿ ಯಂತ್ರಕ್ಕೆ ವೈರು ಚುಚ್ಚಿದೆವು.
ಅದು ನನ್ನ ಮುಕ್ತಿಯ ಮಾತಿಗೆ ಕಿವಿಗೊಡಲಿಲ್ಲ.
ಡ್ರೈವರು ಹುಡುಕಿದೆ, ಬಿಚ್ಚಿದೆ, ಕಟ್ಟಿದೆ,
ಎರಡು ದಿನ, ಮೂರು ದಿನ.
ಹನ್ನೆರಡು ಸೂಜಿಯೂ ಗಾಳಿಯಲ್ಲೇ ನಿಂತಿದ್ದವು.
ಗುರುವಾರ ಹದಿನಾರು ಜೊತೆ ತೋಳು ಕೊಡಬೇಕು;
ನಾನಿನ್ನೂ ಸಿದ್ಧಾಂತ ಹೇಳುತ್ತಿದ್ದೆ.
ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಕಿಟಕಿಗೆ ಬೆನ್ನು ಹಾಕಿ ಕೂತು ಕೈಯಲ್ಲೇ ಹಾಕತೊಡಗಿದಳು
ಬಳ್ಳಿ, ಎಲೆ, ಎಲೆ, ಎಲೆ.

ನಾಲ್ಕನೆಯ ದಿನ, ತಲೆಯೆತ್ತದೆ:
"ಬಚೂಕಿ, ಅಳೆದು ಕತ್ತರಿಸಿದರೆ
ಒಂದೇ ಬಟ್ಟೆಯಲ್ಲಿ ಎರಡು ಅಂಗಿ ಬರಲ್ವಾ?"
ಬರುತ್ತೆ ಅತ್ತೆ.
ನನಗೆ ಮೊದಲೇ ಗೊತ್ತಿತ್ತು. ಹೇಳಿರಲಿಲ್ಲ.

ಡಿಸ್ಕನ್ನು ಪಾಲು ಮಾಡಿದೆ.
ಒಂದರಲ್ಲಿ ವಿಂಡೋಸು, ದುಡ್ಡು ಕೊಟ್ಟು ತಂದ ಕೀಲಿ
(ಉಳಿಸಿದ ಇನ್ನೂರು ಅಲ್ಲೇ ಹೋಯಿತು),
ಯಂತ್ರವನ್ನು ಒಲಿಸಲಿಕ್ಕೆ.
ಇನ್ನೊಂದರಲ್ಲಿ ನನ್ನದು,
ಲೆಕ್ಕಕ್ಕೆ, ಗ್ರೀಸಿನಲ್ಲಿರುವ ತಂಗಿಯ ಮುಖ ನೋಡಲಿಕ್ಕೆ, ಇಸ್ಪೀಟಿಗೆ.

ಈಗ ಗುಂಡಿ ಒತ್ತಿದರೆ ಎರಡು ಹೆಸರು,
ಅಡಿಯಲ್ಲಿ ಎಣಿಕೆ: ಹತ್ತು, ಒಂಬತ್ತು, ಎಂಟು.
ಮೂರಕ್ಕೆ ಇಳಿಸ್ಲಾ ಅತ್ತೆ, ಬೇಗ ಆಗುತ್ತೆ, ಅಂದೆ.
"ಬೇಡ. ನನ್ನ ಮದುವೆಗೂ ಯಾರೂ ಇಷ್ಟು ಎಣಿಸಿರಲಿಲ್ಲ."

ಕೆಲವು ಬೆಳಿಗ್ಗೆ ಆರಿಸುತ್ತಾಳೆ.
ಕೆಲವು ಬೆಳಿಗ್ಗೆ ಸೂಜಿಗೆ ದಾರ ಪೋಣಿಸುತ್ತ
ಸೊನ್ನೆಗೆ ಇಳಿಯುವ ತನಕ ಸುಮ್ಮನೆ ನೋಡುತ್ತಾಳೆ,
ಅದೇನು ಮಾಡುತ್ತೋ ಮಾಡಲಿ ಅಂತ.
ಝೌರ್ ಉಗಿದ ಸಿಪ್ಪೆ ಇನ್ನೂ ಬಾಗಿಲ ಬಳಿ ಇದೆ.
ನಾನೇ ಗುಡಿಸಬೇಕಂತೆ.